ಬ್ಯಾಟರಿ ಪೂರ್ತಿ ಖಾಲಿಯಾದರೆ ಏನು ಮಾಡಬೇಕೆಂದು ಕೇಳಿದ್ದೀಯ

ಧೃತಿ ಕಂದ,

ಒಂದು ತಿಂಗಳು ಸುಮ್ಮನಿದ್ದು ಮೊನ್ನೆ ಒಂದೇ ಸಾಲು ಕಳಿಸಿದ್ದೀಯ. "ಅಮ್ಮಾ, ಕಾರಿನ ಬ್ಯಾಟರಿ ಪೂರ್ತಿ ಖಾಲಿ ಆದ್ರೆ ಏನ್ ಮಾಡ್ಬೇಕು?" ಹೇಗಿದ್ದೀಯ ಎಂದಿಲ್ಲ, ಊಟ ಆಯಿತಾ ಎಂದಿಲ್ಲ. ಆದರೂ ಅದನ್ನು ನೋಡಿ ಸ್ಟಾಫ್ ರೂಮಿನಲ್ಲಿ ಕುರ್ಚಿ ಬಿಟ್ಟು ಎದ್ದು ನಿಂತೆ. ಫೋನಿನಲ್ಲೇ ಉತ್ತರ ಬರೆಯಲು ಹೊರಟು, ಅದು ಉದ್ದವಾಗುತ್ತ ಹೋಗಿ, ಎಲ್ಲ ಅಳಿಸಿದೆ. ಆದ್ದರಿಂದ ಈ ಕಾಗದ. ಕೊರಿಯರ್‌ನವನು ನಾಳೆಯೇ ಮೈಸೂರು ತಲುಪಿಸುತ್ತೇನೆ ಅಂದಿದ್ದಾನೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಅಪ್ಪನದೂ ನನ್ನದೂ ಎಲೆಕ್ಟ್ರಿಕ್ ಕಾರೇ, ಅದು ಹೇಳದೆ ಕೇಳದೆ ನಿಲ್ಲುವುದಿಲ್ಲ. ಸ್ಕ್ರೀನಿನ ಮೇಲೆ ಕೆಂಪು ಬರುತ್ತದೆ, ಆಮೇಲೆ ಆಮೆಯ ಚಿತ್ರ ಬರುತ್ತದೆ. ಆಮೆ ಬಂತೆಂದರೆ ಎಷ್ಟು ತುಳಿದರೂ ಕಾರು ಓಡುವುದಿಲ್ಲ, ತೆವಳುತ್ತದೆ. ಆಗ ಎಸಿ ಆರಿಸಿ ರಸ್ತೆಯ ಎಡಕ್ಕೆ ಬಂದುಬಿಡಬೇಕು. ಇನ್ನೊಂದು ಫರ್ಲಾಂಗು ಹೋಗುತ್ತದೇನೋ ಎಂದು ಆಸೆಪಡಬಾರದು. ನಿಂತ ಕೂಡಲೇ ನಾಲ್ಕೂ ಇಂಡಿಕೇಟರ್ ಹಾಕಿ ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಬಾನೆಟ್ ಒಳಗೆ ಮಾಮೂಲಿ ಕಾರಿನಲ್ಲಿರುವಂಥ ಚಿಕ್ಕ ಬ್ಯಾಟರಿ ಇನ್ನೊಂದಿದೆ. ಅದೂ ಕೈಕೊಟ್ಟರೆ ಗೇರು ಬದಲಾಗದೆ ಆಮೇಲೆ ತಳ್ಳುವುದಕ್ಕೂ ಆಗುವುದಿಲ್ಲ. ಯಾರಾದರೂ ಬಂದು ಹಗ್ಗ ಕಟ್ಟಿ ಎಳೆಯುತ್ತೇನೆ ಅಂದರೆ ಒಪ್ಪಬೇಡ, ಚಕ್ರ ಉರುಳಿಸಿಕೊಂಡು ದೂರ ಎಳೆದರೆ ಮೋಟರ್ ಹಾಳಾಗುತ್ತದೆ. ಇಡೀ ಕಾರನ್ನು ಹೊತ್ತುಕೊಂಡು ಹೋಗುವ ಗಾಡಿಯನ್ನೇ ಕರೆಸಬೇಕು. ಆ ನಂಬರು ಫೋನಿನಲ್ಲಿರಲಿ. ಗಾಡಿ ತಡವಾಗುತ್ತದೆ ಅಂದರೆ ಡಿಕ್ಕಿಯಲ್ಲಿರುವ ಚಾರ್ಜರ್ ತೆಗೆದುಕೊಂಡು, ವಾಷಿಂಗ್ ಮಷೀನಿಗೆ ಹಾಕುವಂಥ ದೊಡ್ಡ ಪ್ಲಗ್ಗು ಇರುವ ಮನೆಯ ಬಾಗಿಲು ತಟ್ಟಬೇಕು. ಒಂದೂವರೆ ಗಂಟೆ ಹಾಕಿದರೆ ಊರೊಳಗೆ ಮನೆ ಸೇರುವಷ್ಟು ಆಗುತ್ತದೆ.

ಹೇಳುವುದು ಸುಲಭ. ಬಾಗಿಲು ತಟ್ಟುವುದೇ ಕಷ್ಟ. ಯಾಕೆಂದರೆ ಕಳೆದ ಶುಕ್ರವಾರ ನನ್ನ ಕಾರು ನಿಂತದ್ದು ನಿನ್ನ ಬಸವನಗುಡಿ ಅಜ್ಜಿಯ ಬೀದಿಯಲ್ಲಿ.

ಅವತ್ತು ಬೆಳಿಗ್ಗೆ ನಾನೂ ನಿನ್ನ ಮಾಯಣ್ಣ ತಾತನೂ ಸುಲ್ತಾನ್‌ಪೇಟೆಗೆ ಹೋಗಿದ್ದೆವು, ನನ್ನ ಮದುವೆಯ ಕಾರ್ಡು ತರಲು. ಹಿಂದಿನ ರಾತ್ರಿ ಮಲ್ಲೇಶ್ವರದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಪ್ಲಗ್ಗು ಹಾಕಿದ್ದೆ, ಚಾರ್ಜ್ ಮಾತ್ರ ಆಗಿರಲಿಲ್ಲ. ಸುಲ್ತಾನ್‌ಪೇಟೆಗೆ ಹೋಗಿ ಬರಲು ಇದ್ದದ್ದೇ ಸಾಕಿತ್ತು. ಆದರೆ ಕಾರ್ಡಿನ ಪೆಟ್ಟಿಗೆಗಳನ್ನು ಹಿಂದಿನ ಸೀಟಿನಲ್ಲಿಟ್ಟ ಮೇಲೆ ನನ್ನ ಅಪ್ಪ, "ಮೊದಲ್ನೇದು ದೊಡ್ಡ ಗಣಪತಿ ಮುಂದೆ ಇಕ್ಕಿಬಿಟ್ಟು ಹೋಗಾನ ಕಣವ್ವ, ನಿನ್ನ ಮೊದಲ್ನೇ ಮದ್ವೇಲಿ ಇಕ್ಕಿರ್ಲಿಲ್ಲ" ಅಂದರು. ಬಸವನಗುಡಿಗೆ ಹೋದೆವು. ಪೂಜೆಯಾಯಿತು. ವಾಪಸು ಬರುವಾಗ ಗಾಂಧಿ ಬಜಾರಿನ ಕಡೆ ಗಾಡಿಗಳು ಕದಲುತ್ತಿರಲಿಲ್ಲ. ಒಂದು ಕಾಂಪ್ಲೆಕ್ಸಿನಲ್ಲಿ ಚಾರ್ಜರ್ ಇದೆಯೆಂದು ಆ್ಯಪ್ ತೋರಿಸಿತು. ಹೋಗಿ ನೋಡಿದರೆ ಅದು ಕೆಟ್ಟು ನಿಂತಿತ್ತು. ಅಲ್ಲಿಂದ ಹೊರಟಾಗ ಆಮೆ ಬಂತು.

ನಿನ್ನ ಅಜ್ಜಿಯ ಬೀದಿಗೆ ಹೋಗಬಾರದೆಂದು ನಾನು ಇಷ್ಟು ವರ್ಷ ಬಸವನಗುಡಿಯಲ್ಲಿ ಎಷ್ಟು ಸುತ್ತು ಹೊಡೆದಿದ್ದೇನೋ ನನಗೇ ಗೊತ್ತು. ಅವತ್ತು ಸುತ್ತು ಹೊಡೆಯುವಷ್ಟು ಚಾರ್ಜ್ ಇರಲಿಲ್ಲ. ಅದೇ ಬೀದಿಗೆ ತಿರುಗಿಸಿದೆ. ಅವರ ಮನೆಗೆ ಇನ್ನು ಮೂರು ಮನೆ ಇರುವಾಗ ಕಾರು ಸದ್ದಿಲ್ಲದೆ ನಿಂತಿತು.

ಸಹಾಯದ ನಂಬರಿಗೆ ಫೋನ್ ಮಾಡಿದರೆ, "ಗಾಡಿ ಹೆಬ್ಬಾಳದ ಹತ್ರ ಇದೆ ಮೇಡಂ, ಬರೋಕೆ ಮಧ್ಯಾಹ್ನ ಆಗುತ್ತೆ" ಅಂದರು. ಬಿಸಿಲು ಏರುತ್ತಿತ್ತು. ಅಪ್ಪನಿಗೆ ಶುಗರ್ ಇರುವುದು ನಿನಗೆ ಗೊತ್ತು, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಕೈ ನಡುಗುತ್ತದೆ. ಆಟೋ ಮಾಡಿಕೊಡುತ್ತೇನೆ, ಮನೆಗೆ ಹೋಗಿ ಅಂದರೆ ಕಾರ್ಡು ಬಿಟ್ಟು ಹೋಗಲು ಅವರು ತಯಾರಿರಲಿಲ್ಲ. ಮನೆ ತಟ್ಟುತ್ತೇನೆ ಅಂದದ್ದಕ್ಕೆ, "ಆ ಮನೆ ಒಂದು ಬುಟ್ಟು ಯಾವ್ದಾದ್ರೂ ತಟ್ಟು" ಅಂದರು. ತಟ್ಟಿದೆ. ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಓನರ್ ಇಲ್ಲ ಅಂದ. ಪಕ್ಕದ ಹಳೇ ಮನೆಯವರು ಪಾಪ ಕೊಟ್ಟರು, ಆದರೆ ಅವರ ಪ್ಲಗ್ಗಿಗೆ ಅರ್ಥಿಂಗ್ ಇಲ್ಲದೆ ಚಾರ್ಜರಿನಲ್ಲಿ ಕೆಂಪು ದೀಪ ಬಂತು. ಕೆಂಪು ದೀಪ ಬಂದರೆ ಹಾಕಲೇಬಾರದು, ಇದನ್ನೂ ನೆನಪಿಟ್ಟುಕೋ.

ಆಮೇಲೆ ಉಳಿದದ್ದು ಒಂದೇ ಗೇಟು.

ನಿನಗೆ ಅದು ರಜೆ ಕಳೆಯುವ ಮನೆ. ನನಗೆ ನೀನು ಮೂರನೇ ಕ್ಲಾಸಿನಲ್ಲಿದ್ದಾಗ ನಿನ್ನ ಕೈ ಹಿಡಿದುಕೊಂಡು ಹೊರಬಂದ ಮನೆ. ತರಗುಪೇಟೆಯ ರಾಗಿ ಮಂಡಿಯವರ ಮಗಳು ಮೇಷ್ಟ್ರ ಮನೆಗೆ ಸೊಸೆಯಾಗಿ ಹೋದಾಗ ಎರಡು ಕಡೆಯವರೂ ಮುಖ ದಪ್ಪ ಮಾಡಿಕೊಂಡಿದ್ದರು. ನಾನೂ ನಿನ್ನ ಅಪ್ಪನೂ ಬೇರೆಯಾದಾಗ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ತಾತಂದಿರಿಬ್ಬರೂ ಆಡಬಾರದ್ದನ್ನೆಲ್ಲ ಆಡಿಬಿಟ್ಟರು. ಅಲ್ಲಿಂದ ಈಚೆಗೆ ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತಿಲ್ಲ.

ಗೇಟಿನ ಚಿಲಕ ತೆಗೆದು ಒಳಗೆ ಹೋದೆ. ಅತ್ತೆ ಎನ್ನಬೇಕೋ ಅಂಬುಜಮ್ಮನವರೇ ಎನ್ನಬೇಕೋ ತಿಳಿಯದೆ, "ಇದೀರಾ?" ಅಂತಷ್ಟೇ ಕೂಗಿದೆ. ಅವರು ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ನಿನ್ನ ಫೋಟೋಗಳಲ್ಲಿ ಅಷ್ಟು ಗೊತ್ತಾಗುವುದಿಲ್ಲ.

"ಕಾರು ನಿಂತೋಯ್ತು. ಚಾರ್ಜ್ ಖಾಲಿ. ಸ್ವಲ್ಪ ಹೊತ್ತು ಕರೆಂಟು ಬೇಕಿತ್ತು" ಅಂದೆ. ಇಷ್ಟು ವರ್ಷದ ಮೇಲೆ ಅವರ ಹತ್ತಿರ ಆಡಿದ ಮೊದಲ ಮಾತು ಅದು.

ಅವರು ಒಳಕ್ಕೆ ತಿರುಗಿ, "ರೀ, ಮಾಧವಿ ಬಂದಿದಾಳೆ. ವಾಷಿಂಗ್ ಮಷೀನ್ ವೈರು ತೆಗೀರಿ" ಅಂದರು. ಅಷ್ಟೇ. ಯಾಕೆ ಬಂದೆ ಅನ್ನಲಿಲ್ಲ, ಹೇಗೆ ಬಂದೆ ಅನ್ನಲಿಲ್ಲ.

ಮೂಲೆಯ ಇಸ್ತ್ರಿ ಅಂಗಡಿಯ ದಾಸಪ್ಪನವರೂ ಬೈಕಿನಲ್ಲಿ ಹೋಗುತ್ತಿದ್ದ ಯಾರೋ ಇಬ್ಬರೂ ಸೇರಿ ಕಾರನ್ನು ಗೇಟಿನವರೆಗೆ ತಳ್ಳಿದರು. ಅಪ್ಪ ಇಳಿಯಲಿಲ್ಲ, ತಳ್ಳುವವರಿಗೆ ತಮ್ಮ ಭಾರವನ್ನೂ ಸೇರಿಸಿ ಕೂತೇ ಇದ್ದರು. ಮನೆಯ ಪಕ್ಕದ ಓಣಿಯಲ್ಲಿದ್ದ ವಾಷಿಂಗ್ ಮಷೀನಿನ ಪ್ಲಗ್ಗಿಗೆ ಚಾರ್ಜರ್ ಹಾಕಿದೆ, ಹಸಿರು ದೀಪ ಬಂತು. ನಾನು ಒಳಗೆ ಹೋಗಲೋ ಬೇಡವೋ ಎಂದು ಜಗುಲಿಯ ಮೇಲೆ ನಿಂತಿದ್ದೆ. ಅಪ್ಪ ಗಾಜು ಇಳಿಸಿಕೊಂಡು ಎದುರು ಕಾಂಪೌಂಡನ್ನೇ ದಿಟ್ಟಿಸುತ್ತಿದ್ದರು. ಆಗ ಶ್ರೀನಿವಾಸಯ್ಯ ತಾತ ಪಂಚೆ ಎತ್ತಿ ಕಟ್ಟಿಕೊಂಡು ಕಾರಿನ ಹತ್ತಿರ ಹೋದರು.

"ಮಾಯಣ್ಣನವರೇ, ನೀವು ಒಳಗೆ ಕೂತ್ರೆ ಅದೇನೂ ಬೇಗ ಚಾರ್ಜ್ ಆಗಲ್ಲ. ಬಿಸಿಲು. ಬನ್ನಿ."

ಶ್ರೀನಿವಾಸಯ್ಯನವರೇ ಬಾಗಿಲು ತೆಗೆದು ಹಿಡಿದುಕೊಂಡರು. ಎಷ್ಟು ಹೊತ್ತಾದರೂ ಬಾಗಿಲು ಬಿಡಲಿಲ್ಲ. ಕೊನೆಗೆ ಅಪ್ಪ ಇಳಿದರು, "ಮಂಡಿ ನೋವು, ಮೆಲ್ಲಗೆ ಬತ್ತೀನಿ" ಅಂದರು. "ನಂದೂ ಅದೇ ಕಥೆ" ಅಂದರು ಇವರು. ಆಮೇಲೆ ಅರ್ಧ ಗಂಟೆ ಇಬ್ಬರೂ ಮೊಣಕಾಲಿನ ಎಣ್ಣೆ, ಡಾಕ್ಟರು, ಮೆಟ್ಟಿಲು ಹತ್ತುವುದು ಇವುಗಳನ್ನು ಬಿಟ್ಟು ಬೇರೆ ಏನನ್ನೂ ಮಾತಾಡಲಿಲ್ಲ. ಅಜ್ಜಿ ಅಪ್ಪನಿಗೆ ಸಕ್ಕರೆಯಿಲ್ಲದ ಕಾಫಿಯನ್ನೂ ಚಪಾತಿಯನ್ನೂ ಕೊಟ್ಟರು. ಶುಗರ್ ಇದೆಯೆಂದು ನಾನು ಹೇಳಿರಲಿಲ್ಲ. ನೀನು ಯಾವಾಗಲೋ ಹೇಳಿರಬೇಕು.

ನಾನು ಅಡುಗೆಮನೆಗೆ ಹೋಗಿ ಲೋಟ ತೊಳೆಯಲು ನಿಂತೆ. ಅಜ್ಜಿ ನನ್ನ ಕೈಯಿಂದ ಲೋಟ ತೆಗೆದುಕೊಂಡು, "ಹಿಂದಿನ ಸೀಟಲ್ಲಿ ಕಾರ್ಡಿನ ಪೆಟ್ಟಿಗೆ ನೋಡ್ದೆ" ಅಂದರು. ಹೌದು ಅಂದೆ. "ಹುಡುಗ ಏನ್ ಮಾಡ್ಕೊಂಡಿದಾನೆ?" ಅಂದರು. ಅಭಿನಂದನ್ ನಮ್ಮ ಕಾಲೇಜಿನಲ್ಲೇ ಲೈಬ್ರರಿ ನೋಡಿಕೊಳ್ಳುತ್ತಾರೆ, ಹೆಂಡತಿ ತೀರಿಕೊಂಡು ಬಹಳ ದಿನವಾಯಿತು ಅಂದೆ. "ಒಳ್ಳೇವ್ನಾ?" ಅಂದರು. ತಲೆಯಾಡಿಸಿದೆ.

ಆಮೇಲೆ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. "ಧೃತಿ ನಂಗೆ ಫೋನ್ ಮಾಡಿ ಅತ್ಲು ಕಣೆ. ಮದ್ವೆಗೆ ಹೋದ್ರೆ ಅಪ್ಪಂಗೆ ಬೇಜಾರಾಗುತ್ತೆ, ಹೋಗ್ದಿದ್ರೆ ಅಮ್ಮಂಗೆ ಬೇಜಾರಾಗುತ್ತೆ, ನಾನೇನ್ ಮಾಡ್ಲಿ ಅಜ್ಜಿ ಅಂತಾಳೆ. ನಮ್ಮ ಸಂಕರ್ಷಣಂಗೆ ಬೇಜಾರಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಅವನಿಗಿದೆ. ನಂಗೂ ಇದೆ. ಆದ್ರೆ ಅದು ದೊಡ್ಡವರ ಬೇಜಾರು. ಆ ಮಗು ಯಾಕೆ ಹೊರಬೇಕು? ಅವನ ಹತ್ರ ನಾನು ಮಾತಾಡ್ತೀನಿ."

ಧೃತಿ, ನೀನು ಸಿಟ್ಟಾಗಿದ್ದೀಯ ಎಂದುಕೊಂಡಿದ್ದೆ. ಮದುವೆಯ ವಿಷಯ ಹೇಳಿದ ದಿನ ನೀನು "ಸರಿ ಅಮ್ಮ" ಅಂದು ಫೋನ್ ಇಟ್ಟಾಗಿನಿಂದ ನಾನು ಹಾಗೇ ತಿಳಿದುಕೊಂಡು ನಿನ್ನನ್ನು ಒಲಿಸಿಕೊಳ್ಳುವುದು ಹೇಗೆಂದು ಲೆಕ್ಕ ಹಾಕುತ್ತಿದ್ದೆ. ನೀನು ಮೈಸೂರಿನಲ್ಲಿ ಕೂತು ನಮ್ಮಿಬ್ಬರನ್ನೂ ತೂಗುತ್ತ ಅಳುತ್ತಿದ್ದೀಯ ಎಂದು ನನಗೆ ಹೊಳೆಯಲೇ ಇಲ್ಲ. ಅದು ಗೊತ್ತಾದದ್ದು ನಿನ್ನ ಅಜ್ಜಿಯ ಸಿಂಕಿನ ಮುಂದೆ.

ಹೊರಡುವ ಹೊತ್ತಾಯಿತು. ಮನೆ ಸೇರುವಷ್ಟು ಚಾರ್ಜ್ ಆಗಿತ್ತು. ನಾನು ವೈರು ಸುತ್ತುತ್ತಿದ್ದಾಗ ಅಪ್ಪ ಹಿಂದಿನ ಬಾಗಿಲು ತೆಗೆದು ಒಂದು ಕಾರ್ಡು ಎತ್ತಿಕೊಂಡರು. ನನ್ನನ್ನು ಕೇಳಲಿಲ್ಲ. ಜಗುಲಿಗೆ ಹೋಗಿ ಎರಡೂ ಕೈಯಲ್ಲಿ ಹಿಡಿದು, "ಮೇಷ್ಟ್ರೇ, ನಿಮ್ಮನ್ನ ಬನ್ನಿ ಅನ್ನೋಕೆ ನಂಗೆ ಬಾಯಿಲ್ಲ. ಆದ್ರೂ ಕರೀತಾ ಇದೀನಿ" ಅಂದರು. ಶ್ರೀನಿವಾಸಯ್ಯ ತಾತ ಕಾರ್ಡು ತೆಗೆದುಕೊಂಡು ನನ್ನ ಹೆಸರನ್ನೂ ಅಭಿನಂದನ್ ಹೆಸರನ್ನೂ ನಿಧಾನವಾಗಿ ಓದಿದರು. "ಬರೋಕಾಗಲ್ಲ ಮಾಯಣ್ಣನವರೇ. ಮಗನ ಮುಖ ನೋಡ್ಬೇಕಲ್ಲ ನಾನು. ಆದ್ರೆ ನೀವು ಕರೆದ್ರಲ್ಲ, ಅದು ದೊಡ್ಡದು" ಅಂದರು. ಅಜ್ಜಿ ಒಳಗಿನಿಂದ ಕುಂಕುಮದ ಬಟ್ಟಲು ತಂದು ನನ್ನ ಹಣೆಗಿಟ್ಟರು, ಒಂದು ಮೊಳ ಮಲ್ಲಿಗೆ ಮುಡಿಸಿದರು. ಅವರ ಬೆರಳಿಗೆ ಇಂಗಿನ ವಾಸನೆಯಿತ್ತು. ನಾನು ಬಗ್ಗಿ ಕಾಲು ಮುಟ್ಟಿ, "ಬರ್ತೀನಿ ಅತ್ತೆ" ಅಂದೆ. ಆ ಮಾತು ತಾನಾಗಿಯೇ ಬಂತು. ಅವರು ತಿದ್ದಲಿಲ್ಲ.

ಚಾಮರಾಜಪೇಟೆ ದಾಟಿದ ಮೇಲೆ ಅಪ್ಪ, "ಆ ಮೇಷ್ಟ್ರು ಮಂಡಿಗೆ ಹಚ್ಚೋ ಎಣ್ಣೆ ಹೆಸರು ಏನಂದ್ರು?" ಅಂತ ಕೇಳಿದರು.

ಮೂರು ದಿನ ಕಳೆದು ನಿನ್ನ ಪ್ರಶ್ನೆ ಬಂತು, ಅಜ್ಜಿ ಮಾತಾಡಿರಬೇಕು. ನಿನ್ನ ಅಪ್ಪ ತಮ್ಮ ಕಾರಿನ ಕೀ ಕೊಟ್ಟು ನಿನಗೆ ಏನು ಹೇಳಿದರೋ, ಏನೂ ಹೇಳಲಿಲ್ಲವೋ, ಅದನ್ನು ನಾನು ಕೇಳುವುದಿಲ್ಲ. ಎಲ್ಲಿಗೆ ಹೋಗಲು ಈ ವಿಚಾರಣೆ ಅಂತಲೂ ಕೇಳುವುದಿಲ್ಲ. ಬೆಂಗಳೂರಿನ ದಾರಿಯಾದರೆ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಡು. ಮದ್ದೂರಿನ ಹತ್ತಿರ ತಿಂಡಿಗೆ ನಿಲ್ಲಿಸಿದಾಗ ಅಲ್ಲೇ ಚಾರ್ಜಿಗೆ ಹಾಕು, ತಿಂದು ಮುಗಿಯುವ ಹೊತ್ತಿಗೆ ಸಾಕಷ್ಟು ಏರಿರುತ್ತದೆ. ಹೈವೇಯಲ್ಲಿ ಜೋರಾಗಿ ಓಡಿಸಿದರೆ ಬೇಗ ಇಳಿಯುತ್ತದೆ, ನಿಧಾನ. ಪಕ್ಕದಲ್ಲಿ ಗೆಳತಿ ಯಾರಾದರೂ ಇರಲಿ.

ಬರುವುದಕ್ಕೆ ನಿನ್ನ ಮನಸ್ಸು ಒಪ್ಪದಿದ್ದರೆ ಬರಬೇಡ. ನನಗೆ ಬೇಸರವಾಗುತ್ತದೆ, ಆದರೆ ಆ ಬೇಸರವನ್ನು ನಾನೇ ನೋಡಿಕೊಳ್ಳುತ್ತೇನೆ. ನೀನು ಬಂದರೆ ನಿನ್ನ ಅಪ್ಪನಿಗಾಗುವ ಬೇಸರವನ್ನು ಅವರು ನೋಡಿಕೊಳ್ಳುತ್ತಾರೆ. ನೀನು ಯಾರದ್ದನ್ನೂ ಹೊರಬೇಡ. ಮದುವೆ ಮುಗಿದ ಮರುವಾರ ನಾನೊಬ್ಬಳೇ ರೈಲಿನಲ್ಲಿ ಮೈಸೂರಿಗೆ ಬರುತ್ತೇನೆ. ಬೇಕಾದರೆ ಸ್ಟೇಷನ್ನಿಗೆ ಬಾ, ಇಲ್ಲದಿದ್ದರೆ ನಿನ್ನ ಹಾಸ್ಟೆಲ್ ಎದುರಿನ ಹೋಟೆಲಿನಲ್ಲಿ ಕೂತು ಕಾಯುತ್ತೇನೆ. ಇಬ್ಬರೂ ಮಸಾಲೆ ದೋಸೆ ತಿನ್ನೋಣ. ಮಾತು ಬಂದರೆ ಆಡೋಣ.

ಎಲ್ಲಿಗೆ ಹೊರಟರೂ ಸುಖವಾಗಿ ತಲುಪು ಕಂದ, ತಲುಪಿದ ಮೇಲೆ ಒಂದು ಸಾಲು ಹಾಕು.

ನಿನ್ನ ಅಮ್ಮ,
ಮಾಧವಿ