ಬಂತೇನೇ? ಇನ್ನೂ ಇಲ್ಲ ರೀ!

ಭಾನುವಾರ, ಮಧ್ಯಾಹ್ನ

ನನ್ನ ಬಾಯಿಬಡುಕಿ ಮಗಳಿಗೆ ಅಮ್ಮನ ನೂರು ಮುತ್ತು.

ಫೋನಿನಲ್ಲಿ ಹೇಳಿದರೆ ನಿನ್ನಪ್ಪನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಪತ್ರ. ಹದಿನೇಳು ದಿನದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು ಕಣೇ. ನಿನ್ನಿಂದ ಮುಚ್ಚಿಟ್ಟಿದ್ದೆ.

ತಾರಸಿಯ ಹಳೇ ಆಂಟೆನಾ ಕಂಬಕ್ಕೆ ನಾನು ಬಟ್ಟೆ ಹಗ್ಗ ಕಟ್ಟಿದ್ದೆನಲ್ಲ? ಡಿಶ್‌ಗೆ ಜಾಗ ಬೇಕೆಂದು, ನನ್ನನ್ನೊಂದು ಮಾತೂ ಕೇಳದೆ, ನಿನ್ನಪ್ಪ ಆ ಕಂಬ ಕಿತ್ತುಬಿಟ್ಟರು. ಒಗೆದು ಹಾಕಿದ್ದ ಬಟ್ಟೆಯೆಲ್ಲ ನೆಲಕ್ಕೆ! ಕೇಳಿದ್ದಕ್ಕೆ, ಒಂದು ಹಗ್ಗ ತಾನೇ ಎಂದರು. ನಾನು ಬಾಯಿಗೆ ಬೀಗ ಹಾಕಿದೆ, ಅವರೂ ಹಾಕಿದರು. ಆಮೇಲೆ ಮನೆಯ ಮಾತೆಲ್ಲ ಫ್ರಿಜ್ಜಿನ ಮೇಲಿನ ಚೀಟಿಯಲ್ಲೇ: ‘ಉಪ್ಪು ಮುಗಿದಿದೆ.’ ‘ತಂದಿದೆ.’ ನಿಜ ಹೇಳ್ತೀನಿ, ನನಗೆ ಊಟವೇ ಸೇರುತ್ತಿರಲಿಲ್ಲ. ಆದರೆ ಮೊದಲು ಮಾತಾಡಿ ಸೋಲುವವರು ಯಾರು?

ನಿನ್ನೆ ಹೊಸ ಚೀಟಿ: ‘ನಾಳೆ ಡಿಶ್ ಹಾಕುವವನು ಬರುತ್ತಾನೆ. ಟೀವಿ ಮುಂದೆ ನಿಂತು, ಚಿತ್ರ ಬಂದ ತಕ್ಷಣ ಕೂಗುವುದು.’ ಕೆಳಗೆ ಆಫೀಸಿನವರ ಹಾಗೆ ಸಹಿ ಬೇರೆ!

ಇವತ್ತು ಡಿಶ್‌ನವನು ಕೊರಳಿಗೆ ಸಿಗ್ನಲ್ ನೋಡುವ ಮೀಟರ್ ನೇತುಹಾಕಿಕೊಂಡು ತಾರಸಿ ಹತ್ತಿದ, ಹಿಂದೆಯೇ ನಿನ್ನಪ್ಪ. ನಾನು ಕಿಟಕಿ ತೆರೆದು ಟೀವಿ ಮುಂದೆ ನಿಂತೆ. ಮೇಲಿಂದ, ಬಂತೇನೇ ಎಂದು ಕೂಗಿದರು. ಹದಿನೇಳು ದಿನದ ಮೇಲೆ ಆ ದನಿ ಕೇಳಿ ಕಣ್ಣು ತುಂಬಿ ಬಂತು. ಇನ್ನೂ ಇಲ್ಲ ರೀ ಎಂದೆ.

ಎಡಕ್ಕೆ ತಿರುಗಿಸಿದರು. ಇಲ್ಲ. ಬಲಕ್ಕೆ. ಇಲ್ಲ ರೀ. ಮೇಲಕ್ಕೆ, ಕೆಳಕ್ಕೆ, ಅಯ್ಯೋ, ಅರ್ಧ ಗಂಟೆ! ನಡುವೆ, ಮಂಡಿ ನೋಯುತ್ತೆ, ಕೂತ್ಕೊಳ್ಳೇ ಎಂದರು. ಬಿಸಿಲಿದೆ, ಟೋಪಿ ಹಾಕ್ಕೊಳ್ಳಿ ಎಂದೆ. ಇದ್ದಕ್ಕಿದ್ದಂತೆ, ಇಡೀ ಬೀದಿಗೇ ಕೇಳುವ ಹಾಗೆ, ತಪ್ಪು ನಂದೇ ಕಣೇ, ಸಂಜೆಯೊಳಗೆ ಹಗ್ಗ ಕಟ್ಟಿಕೊಡ್ತೀನಿ ಎಂದು ಕೂಗಿಬಿಟ್ಟರು. ಎದುರುಮನೆಯಾಕೆ ಕಿಸಕ್ಕೆಂದಳು. ನಾನೂ ತಡೆಯಲಾರದೆ, ಬಂತು ರೀ, ಬಂತು ಎಂದು ಕಿರುಚಿದೆ.

ಈಗ ಹಗ್ಗ ಕಟ್ಟುತ್ತಿದ್ದಾರೆ. ಗಂಟು ಹಾಕಲು ಬಾರದೆ ನನ್ನನ್ನೇ ಕರೆಯುತ್ತಿದ್ದಾರೆ. ಕರೆಯಲಿ, ಇನ್ನೊಂದೆರಡು ಸಲ.

ಇಂತಿ,
ಖುಷಿಗೆ ಬಾಯಿ ನೋಯುವಷ್ಟು ಮಾತಾಡಿರುವ
ನಿನ್ನ ಅಮ್ಮ

ಮರೆತಿದ್ದೆ: ನಿನ್ನ ಹತ್ತಿರ ಸುಳ್ಳೇಕೆ, ಚಿತ್ರ ಮೊದಲನೇ ಸಲಕ್ಕೇ ಬಂದಿತ್ತು. ಬಂತು ಎಂದರೆ ಮತ್ತೆ ಚೀಟಿಯೇ ಗತಿ ಎಂದು, ಇಲ್ಲ ಇಲ್ಲ ಎನ್ನುತ್ತಿದ್ದೆ. ಹೊರಡುವಾಗ ಡಿಶ್‌ನವನು ನಗುತ್ತಾ ಗುಟ್ಟು ಬಿಟ್ಟುಕೊಟ್ಟ. ಅವನ ಮೀಟರ್ ಕೂಡ ಮೊದಲನೇ ಸಲಕ್ಕೇ ಪೀಂ ಎಂದಿತ್ತಂತೆ. ಸುಮ್ನಿರಪ್ಪಾ, ಇನ್ನೊಂಚೂರು ತಿರುಗಿಸು ಎಂದವರು ನಿನ್ನಪ್ಪನೇ ಅಂತೆ! ನನಗೆ ಗೊತ್ತಾಗಿದೆಯೆಂದು ಆ ಕಳ್ಳನಿಗೆ ಹೇಳಿಬಿಟ್ಟೀಯೆ, ಜೋಕೆ.