ನಂಬರ್ ಪ್ಲೇಟ್ ಹಾಕಿಸಿದ ಗಾಲ್ಫ್ ಗಾಡಿ

ಹಾರ್ಲನ್,

ಗಾಡಿ ನಾನು ತಗೊಂಡು ಹೋಗಿದೀನಿ, ಕೀಲಿ ಹುಡುಕಬೇಡ. ಟ್ಯೂನಾ ಸಲಾಡ್ ಫ್ರಿಜ್ಜಲ್ಲಿದೆ. ಹನ್ನೆರಡಕ್ಕೆ ಕಣ್ಣಿಗೆ ಡ್ರಾಪ್ಸ್. ದಪ್ಪ ಅಕ್ಷರದಲ್ಲಿ ಬರೆದಿದೀನಿ, ಕಾಣಲಿಲ್ಲ ಅನ್ಬೇಡ.

ಇವತ್ತು ಓಪಲ್ ಅಕ್ಕನ ಹುಟ್ಟುಹಬ್ಬ. ಅವಳ ಮನೆ ಎರಡೇ ಮೈಲಿ, ಆದ್ರೆ ಹೆದ್ದಾರಿ ಹಿಡಿದೇ ಹೋಗ್ಬೇಕು. ವೇಗದ ಮಿತಿ ಗಂಟೆಗೆ ಮೂವತ್ತೈದು ಮೈಲಿಯೊಳಗೆ ಇರೋ ರಸ್ತೇಲಿ ಮಾತ್ರ ನಮ್ಮ ಗಾಡಿ ಓಡ್ಬೇಕಂತೆ. ಸಿಗ್ನಲ್ಲಲ್ಲಿ ಹೆದ್ದಾರಿ ದಾಟಬಹುದು, ಅದರ ಮೇಲೆ ಓಡಿಸೋ ಹಾಗಿಲ್ಲ. "ಇದೊಂದಿದ್ರೆ ಸಾಕು ವರ್ನಾ, ಕಾರ್ ಯಾಕೆ?" ಅಂತ ಕಾರು ಮಾರಿಸಿದೋನು ನೀನೇ! ಕಾಲೋನಿ ಗೇಟಿನೊಳಗೇ ಸುತ್ತಿ ಸುತ್ತಿ ತಲೆ ಕೆಟ್ಟಿದೆ ನಂಗೆ. ಈಗ ಅಕ್ಕನೇ ಕೇಕ್ ಹಿಡ್ಕೊಂಡು ಸಿಗ್ನಲ್ ಆಚೆಯ ಪೆಟ್ರೋಲ್ ಬಂಕಿಗೆ ಬರ್ತಾಳೆ. ಅಲ್ಲೇ ಬೆಂಚ್ ಮೇಲೆ ಕೂತು ತಿಂದು ಬರ್ತೀನಿ.

ಹಳೇ ಗಾಲ್ಫ್ ಗಾಡಿಯಾಗೇ ಬಿಟ್ಟಿದ್ರೆ ಲೈಸೆನ್ಸ್ ಇಲ್ದೇನೂ ನೀನು ಕಾಲೋನಿಯೊಳಗಿನ ಕ್ಷೌರದಂಗಡಿಗಾದ್ರೂ ಹೋಗಿ ಬರ್ತಿದ್ದೆ. ಬೆಲ್ಟು, ಕನ್ನಡಿ, ನಂಬರ್ ಪ್ಲೇಟು ಹಾಕಿಸಿ ಬೀದಿಯೆಲ್ಲ ಮೆರೆಸಿಕೊಂಡು ಬಂದೆ. ಪ್ಲೇಟ್ ಬಿದ್ದ ಮೇಲೆ ಅದೂ ಕಾರಿನ ಲೆಕ್ಕವೇ, ಓಡಿಸೋಕೆ ಲೈಸೆನ್ಸ್ ಬೇಕು. ಹೋದ ವಾರ ಕಣ್ಣಿನ ಡಾಕ್ಟರು ಒಂದು ಕಾಗದ ಬರೆದ್ರು, ನಿನ್ನ ಲೈಸೆನ್ಸ್ ಹೋಯ್ತು.

ನಿನ್ನೆ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು, ನಿಂತ ಗಾಡೀಲಿ ಬೆಲ್ಟ್ ಹಾಕ್ಕೊಂಡು, ಸ್ಟೀರಿಂಗ್ ಹಿಡಿದು ಕೂತಿದ್ದೆಯಲ್ಲ, ನೋಡ್ದೆ.

ನಾಲ್ಕಕ್ಕೆ ಗಾಡಿ ತಂದು ನಿಲ್ಲಿಸ್ತೀನಿ. ಮತ್ತೆ ಹಾಗೆ ಕೂತ್ಕೊಳೋದಾದ್ರೆ ನನ್ನೂ ಕರಿ. ಪಕ್ಕದ ಬೆಲ್ಟ್ ನಾನು ಹಾಕ್ಕೋತೀನಿ.

ವರ್ನಾ