ಮೆಕ್ಕೆಜೋಳದ ಎರಡನೇ ಭಾಗ

...ಕ್ಷಮಿಸು ಗಚೇರಣ್ಣ, ಮತ್ತೆ ಮೊದಲಿಂದ ಹೇಳ್ತೀನಿ, ಹಿಂದಿನ ರೆಕಾರ್ಡಿಂಗ್ ಅಳಿಸಿಬಿಟ್ಟೆ. ನೀನು ಕೇಳಲ್ಲ ಅಂತ ಗೊತ್ತು, ಆದ್ರೂ ಫೋನಿಗೆ ಹೇಳ್ತಾ ಇರ್ತೀನಿ. ರಿವರ್ ರೋಡಿನ ನಮ್ಮ ಪ್ರಕಾಶನ ಇವತ್ತು ಮುಚ್ಚಿದ್ವಿ. ಬೆಳಿಗ್ಗೆಯಿಂದ ಪುಸ್ತಕ ಕಟ್ಟಿ ಲಾರಿಗೆ ಹಾಕ್ತಾ ಇದೀವಿ. ಯಾಕೋ, ಏನೂ ಅನ್ನಿಸ್ತಾ ಇಲ್ಲ.

ಈಗಷ್ಟೇ ನ್ಯೇರಿ ಕಡೆಯ ಒಬ್ಬ ಅಜ್ಜ ಬಂದಿದ್ದ, ರೈತ. ಕೈಯಲ್ಲಿ ನೀನು ಬರೆದ ಪುಸ್ತಕ. ಪೊಲೀಸರ ಕಣ್ಣು ತಪ್ಪಿಸೋಕೆ 'ಮೆಕ್ಕೆಜೋಳ ಬೆಳೆಯುವ ಕ್ರಮ, ಭಾಗ ಒಂದು' ಅಂತ ರಟ್ಟು ಹಾಕಿದ್ವಲ್ಲ, ಅದೇ.

"ಏನಯ್ಯಾ, ಇದರಲ್ಲಿ ಜೋಳಾನೇ ಇಲ್ಲ," ಅಂದ.

"ತಪ್ಪಾಯ್ತಜ್ಜ, ಆಗಿನ ಕಾಲ ಹಂಗಿತ್ತು."

"ಜೋಳ ಬೆಳೆಯೋದನ್ನ ನೀವು ನನಗೆ ಕಲಿಸ್ತೀರಾ? ನಮ್ಮ ಜಮೀನು ಯಾರು ನುಂಗಿದ್ರು ಅಂತ ಇದರಲ್ಲೇ ಓದಿದ್ದು ನಾನು. ಊರೆಲ್ಲ ಓದಿದೆ. ಅದನ್ನ ವಾಪಸ್ ಪಡೆಯೋದು ಹೇಗೆ ಅಂತ ಎರಡನೇ ಭಾಗದಲ್ಲಿ ಹೇಳ್ತೀನಿ ಅಂತ ಇದನ್ನ ಬರೆದವನು ಅಂದಿದಾನಲ್ಲ, ಎಲ್ಲಿ ಅದು?"

ಅದನ್ನ ಬರೀತಾ ಕೂತಿದ್ದಾಗಲೇ ಅಲ್ವಾ ಪೊಲೀಸರು ನಿನ್ನನ್ನ ಜೀಪಿಗೆ ಹತ್ತಿಸಿದ್ದು. ಆಮೇಲೆ ನೀನೂ ಬರಲಿಲ್ಲ, ಆ ಹಾಳೆಗಳೂ ಬರಲಿಲ್ಲ.

"ಬರೀತಿದಾನೆ ಅಜ್ಜ," ಅಂದೆ.

"ಬೇಗ ಮುಗಿಸು ಅನ್ನು. ನನಗೇನು ವಯಸ್ಸು ಇಳೀತಾ ಇದೆಯಾ?" ಅಂತ ನಕ್ಕ. ಆಮೇಲೆ ಖಾಲಿ ಕಪಾಟು ನೋಡಿ, "ಅಂಗಡಿ ಎಲ್ಲಿಗೆ ಹೋಗ್ತಿದೆ? ಹೊಸ ವಿಳಾಸ ಕೊಡು," ಅಂದ.

ನಮ್ಮ ಮನೆ ವಿಳಾಸ ಬರೆದುಕೊಟ್ಟೆ. ಮಡಿಸಿ ಟೋಪಿಯೊಳಗೆ ಇಟ್ಕೊಂಡು ಹೋದ.

ಏ, ಬಂದೆ ಕಣೇ! ನನ್ನ ಹೆಂಡ್ತಿ ಕೂಗ್ತಿದಾಳೆ, ಲಾರಿಯವನು ಹೊರಡ್ತಾನಂತೆ. ಇಡ್ತೀನಣ್ಣ.